ಎಡವದ ಪಿಸ್ತೂಲು

ನಮ್ಮ ಊರಿನಲ್ಲಿ ಪ್ರತಿ ಮನೆಗೂ ಒಂದು ಪಿಸ್ತೂಲು, ಒಂದು ಲಯ. ಪಿಸ್ತೂಲನ್ನು ಪೇಟೆಯ ಮೋನಪ್ಪ ಬಡಿಗೇರನ ಅಂಗಡಿಯಿಂದ ತರುತ್ತಾರೆ. ಲಯವನ್ನು ನಮ್ಮ ಮನೆಯಿಂದ ಒಯ್ಯುತ್ತಾರೆ. ಛಂದಶ್ಶಾಸ್ತ್ರವನ್ನು ಏಳು ತಲೆಮಾರುಗಳಿಂದ ಪಾಠ ಹೇಳುತ್ತ ಬಂದ ಮನೆತನ ನಮ್ಮದು. ಯಾವ ಮನೆಗೆ ಯಾವ ವೃತ್ತ ಸಲ್ಲುತ್ತದೆಂದು ನಿಶ್ಚಯಿಸಿ, ಅದರ ಗುರು ಲಘುಗಳನ್ನು ಎರಡು ಗುಂಡುಗಳ ನಡುವಿನ ಬಿಡುವಿಗೆ ಹೊಂದಿಸಿ, ಮನೆಯವರ ಅಂಗೈಯ ಮೇಲೆ ಬೆರಳಿನಿಂದ ತಟ್ಟಿ ಕಲಿಸುವುದು ನನ್ನ ಕೆಲಸ. ಲಘುವಾದರೆ ಮುಂದಿನ ಗುಂಡು ಬೆನ್ನಿಗೇ ಬರಬೇಕು. ಗುರುವಾದರೆ ಅದರ ಇಮ್ಮಡಿ ಕಾಲ ತಾಳಬೇಕು. ಸೂತ್ರ ಇಷ್ಟೇ. ಇಷ್ಟನ್ನು ತಪ್ಪದೆ ನಡೆಸಲು ಕೆಲವರಿಗೆ ಒಂದು ಆಯುಷ್ಯ ಸಾಲುವುದಿಲ್ಲ.

ಊರಿನ ಪಡುವಣಕ್ಕೆ ಉದ್ದವಾದ ಒಂದು ಒಡ್ಡು. ಒಡ್ಡಿನಾಚೆ ಮಬ್ಬು. ಅದರೊಳಗೆ ಹೋದವರು ಸಾಯುವುದಿಲ್ಲ. ತಾವಾಗಿ ಹಿಂದಿರುಗುವುದೂ ಇಲ್ಲ. ವರ್ಷಕ್ಕೊಮ್ಮೆ, ಮಾಘಮಾಸದ ಒಂದು ಬೆಳಗ್ಗೆ, ಮಬ್ಬು ತೆಳುವಾಗುತ್ತದೆ. ಆ ಒಂದು ಹೊತ್ತಿನಲ್ಲಿ ಒಳಗಿನವರನ್ನು ಕರೆಯಬಹುದು. ಗಂಟೆಯ ನಾದವಾಗಲಿ ಶಂಖದ ಧ್ವನಿಯಾಗಲಿ ಮನುಷ್ಯನ ಕೊರಳಾಗಲಿ ಅದರೊಳಗೆ ಇಳಿಯದು. ಪಿಸ್ತೂಲಿನ ಸದ್ದೊಂದೇ ಇಳಿಯುತ್ತದೆ. ಆದ್ದರಿಂದ ಒಡ್ಡಿನ ಮೇಲೆ ಮನೆಗೊಂದು ಮರಳಿನ ಗುಣಿ ಮಾಡಿಕೊಂಡಿದ್ದಾರೆ. ಗುಣಿಯೊಳಕ್ಕೆ ಗುಂಡು ಹಾರಿಸಿ ತಮ್ಮ ಮನೆಯ ಲಯವನ್ನು ಮೂಡಿಸುತ್ತಾರೆ. ಹೋದವರು ಅದನ್ನು ಕೇಳಿ ಗುರುತಿಸಿ ಬರಬೇಕು.

ಲಯ ಒಂದಕ್ಷರವೂ ಕುಂದದೆ ಮುಗಿದರೆ ಅದು ಪೂರ್ಣ ಕರೆ. ಪೂರ್ಣ ಕರೆ ಒಬ್ಬರಿಗೆ ಒಮ್ಮೆ ಮಾತ್ರ. ಆಮೇಲೂ ಯಾರೂ ಬಾರದಿದ್ದರೆ ಒಡ್ಡಿನ ಕಚೇರಿಯವರು ಆ ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ; ಮತ್ತೆ ಆ ಹೆಸರನ್ನು ಕರೆಯುವಂತಿಲ್ಲ. ನಡುವೆ ಗುಂಡು ಸಿಕ್ಕಿಕೊಂಡು ಪಿಸ್ತೂಲು ಎಡವಿ ನಿಂತರೆ ಅದು ಕರೆಯ ಲೆಕ್ಕಕ್ಕೇ ಬಾರದು. ಮರುವರ್ಷ ಮತ್ತೆ ಬಂದು ಹಾರಿಸಬಹುದು.

ನಾನು ಜೈನ ಶ್ರಾವಕ, ಅಣುವ್ರತ ಹಿಡಿದವನು. ಹಿಂಸೆಯ ಉಪಕರಣವನ್ನು ಇಟ್ಟುಕೊಳ್ಳುವುದು, ಮತ್ತೊಬ್ಬರಿಗೆ ಕೊಡುವುದು, ಕೊಳ್ಳೆಂದು ಉಪದೇಶಿಸುವುದು ಎಲ್ಲವೂ ಅನರ್ಥವೆಂದು ಬಾಲ್ಯದಿಂದ ಓದಿಕೊಂಡು ಬಂದವನು. ಹೀಗಾಗಿ ಊರಿಗೆಲ್ಲ ಲಯ ಹಂಚಿದ ನಾನು ಅರವತ್ತನಾಲ್ಕು ವರ್ಷ ತುಂಬುವವರೆಗೆ ಪಿಸ್ತೂಲನ್ನು ಮುಟ್ಟಿರಲಿಲ್ಲ. ನಮ್ಮ ಮನೆಯದನ್ನು ನನ್ನ ಹೆಂಡತಿಯ ತಮ್ಮ ಪಾಯಣ್ಣನೇ ನೋಡಿಕೊಳ್ಳುತ್ತಿದ್ದ.

ನನ್ನ ಹೆಂಡತಿ ಚಂದನೆ ಮಬ್ಬಿಗೆ ಹೋಗಿ ಹನ್ನೆರಡು ವರ್ಷ. ಆ ಬೆಳಗ್ಗೆ ನಾನು ಎರಡು ತಾಳೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಒಂದು ಪಾಠಾಂತರವನ್ನು ನಿರ್ಣಯಿಸುತ್ತಿದ್ದೆ. ಅವಳು ಬಾಗಿಲಿನಲ್ಲಿ ನಿಂತು ಏನನ್ನೋ ಕೇಳಿದಳು. “ತಾಳು” ಎಂದೆ. ನಿರ್ಣಯವಾಗಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ತಲೆಯೆತ್ತಿದಾಗ ಬಾಗಿಲಿನಲ್ಲಿ ಬಿಸಿಲು ಮಾತ್ರ ಇತ್ತು. ಒಡ್ಡಿನ ಕೆಳಗಿನ ಬಾವಿಯಿಂದ ನೀರು ತರಲು ಹೋದವಳು ದಾರಿ ತಪ್ಪಿದಳೆಂದು ನೆರೆಯವರು ಹೇಳಿದರು. ಅವಳ ಕೊಡ ಬಾವಿಕಟ್ಟೆಯ ಮೇಲೆ ನೆಟ್ಟಗೆ ಇತ್ತು, ತುಂಬಿತ್ತು. ಅವಳು ಏನು ಕೇಳಿದಳೆಂದು ಹನ್ನೆರಡು ವರ್ಷ ನೆನಪಿಸಿಕೊಳ್ಳಲು ಯತ್ನಿಸಿದ್ದೇನೆ. ಆ ಪಾಠಾಂತರ ಮಾತ್ರ ಇಂದಿಗೂ ಬಾಯಿಗೆ ಬರುತ್ತದೆ.

ನಮ್ಮ ಮನೆಯ ಲಯ ಮಾಲಿನೀ ವೃತ್ತ. ಹದಿನೈದು ಅಕ್ಷರ. ಮೊದಲು ಆರು ಲಘುಗಳು, ಹುರಿಗಾಳು ಸಿಡಿದಂತೆ ಒಂದರ ಬೆನ್ನಿಗೆ ಒಂದು. ಬಳಿಕ ಎರಡು ಗುರುಗಳು. ಅಲ್ಲಿ ಉಸಿರು ನಿಲ್ಲುವಷ್ಟು ಒಂದು ಯತಿ. ಅನಂತರ ತೂಗುತ್ತ ಸಾಗುವ ಏಳು. ಪಾಯಣ್ಣನ ಬಳಿ ಎಂಟು ಗುಂಡು ಹಿಡಿಯುವ ಹಳೆಯ ಉಕ್ಕಿನ ಪಿಸ್ತೂಲು ಇತ್ತು. ಎಂಟು ಹಾರಿಸಿ, ಯತಿಯಲ್ಲಿ ಗುಂಡು ತುಂಬಿದ ಮ್ಯಾಗಜಿನ್ ಬದಲಿಸಿ, ಉಳಿದ ಏಳನ್ನು ಹಾರಿಸಬೇಕು. ಹನ್ನೊಂದು ವರ್ಷಗಳಲ್ಲಿ ಅವನು ಒಮ್ಮೆಯೂ ಯತಿಯನ್ನು ದಾಟಲಿಲ್ಲ. ಒಮ್ಮೆ ಮೂರಕ್ಕೆ, ಒಮ್ಮೆ ಐದಕ್ಕೆ, ಒಮ್ಮೆ ಏಳಕ್ಕೆ ಪಿಸ್ತೂಲು ಬಾಯಿ ಕಚ್ಚಿಕೊಂಡು ನಿಲ್ಲುತ್ತಿತ್ತು. “ಈ ವರ್ಷವೂ ಆಗಲಿಲ್ಲ ಭಾವಾ” ಎಂದು ಅವನು ನೆಲ ನೋಡುತ್ತಿದ್ದ. ಅವನ ಬೆನ್ನು ತಟ್ಟಿ ಮನೆಗೆ ಕರೆತರುತ್ತಿದ್ದೆ. ನನ್ನ ದುಃಖದ ಅಡಿಯಲ್ಲಿ ಒಂದು ನೆಮ್ಮದಿ ಅಡಗಿರುತ್ತಿತ್ತು. ಅದನ್ನು ನಾನು ಎತ್ತಿ ನೋಡುತ್ತಿರಲಿಲ್ಲ.

ನಾಲ್ಕನೆಯ ವರ್ಷ ಪಿಸ್ತೂಲು ಆರಕ್ಕೆ ನಿಂತಾಗ ಮಬ್ಬಿನಿಂದ ಒಬ್ಬಳು ಬಂದಳು. ಚಂದನೆಯಲ್ಲ, ಅರವತ್ತು ದಾಟಿದ, ಎಲೆ ಅಡಿಕೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬ ಹೆಂಗಸು. ಹೆಸರು ಹೂವಕ್ಕ ಎಂದಳು. ಆರು ಬಿಡಿಗುಂಡುಗಳು ಹಿಂದೆ ಎಂದೋ ಯಾವುದೋ ಮನೆಯ ಲಯವಾಗಿದ್ದಿರಬೇಕು, ಪಾಪ, ತಪ್ಪಿ ಬಂದಿದ್ದಾಳೆ ಎಂದು ಊರವರು ತೀರ್ಮಾನಿಸಿದರು. ಯಾರ ಗುಣಿಯ ಬಳಿ ಬಂದರೋ ಅವರು ಆ ಮನೆಯವರು ಎಂಬುದು ವಾಡಿಕೆ. ಅಂದಿನಿಂದ ಹೂವಕ್ಕ ನಮ್ಮ ಮನೆಯಲ್ಲಿದ್ದಾಳೆ. ರೊಟ್ಟಿ ಬಡಿಯುತ್ತಾಳೆ, ಸೂರ್ಯಾಸ್ತಕ್ಕೆ ಮುಂಚೆ ನನಗೆ ಉಣಬಡಿಸಿ ತಾನು ಮಾತ್ರ ಹೊತ್ತು ಮುಳುಗಿದ ಮೇಲೆ ಬೇಕೆಂದೇ ಊಟಕ್ಕೆ ಕೂರುತ್ತಾಳೆ.

ಕಳೆದ ಶ್ರಾವಣದಲ್ಲಿ ಪಾಯಣ್ಣ ಜ್ವರದಿಂದ ತೀರಿಕೊಂಡ. ಹೋದವರ ಹತ್ತಿರದ ನಂಟರಲ್ಲದೆ ಬೇರೆಯವರು ಹಾರಿಸಿದರೆ ಸಲ್ಲದು. ಮಾಘ ಬಂದರೆ ಹಾರಿಸುವವನು ನಾನೊಬ್ಬನೇ. ಒಂದು ತಿಂಗಳು ಸಾಮಾಯಿಕದ ಧ್ಯಾನದಲ್ಲಿ ಕುಳಿತು ಯೋಚಿಸಿದೆ. ಗುಂಡು ಮರಳಿಗೆ ಹೋಗುವುದು. ಆ ಮರಳಿನಲ್ಲಿ ಇರುವೆ ಹುಳು ಒಂದೂ ಇರದಂತೆ ನೋಡಿಕೊಳ್ಳಬಹುದು. ಆಗ ಉಳಿಯುವುದು ಸದ್ದು ಮಾತ್ರ. ಹೀಗೆಂದು ಮನಸ್ಸನ್ನು ಒಪ್ಪಿಸಿ, ಹದಿನೈದು ಗುಂಡುಗಳಿಗಷ್ಟೇ ವ್ರತವನ್ನು ಸಡಿಲಿಸಿಕೊಂಡು, ಪಾಯಣ್ಣನ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೋನಪ್ಪನ ಅಂಗಡಿಗೆ ಹೋದೆ.

“ಬರ್ರಿ ಪಂಡಿತ್ರ, ಬರ್ರಿ!” ಎಂದ ಮೋನಪ್ಪ, ಕೈಯ ಎಣ್ಣೆಯನ್ನು ಒರೆಸಿಕೊಳ್ಳುತ್ತ. “ನೀರ ಸೋಸಿ ಕುಡಿಯೂ ಮಂದಿ ನೀವು. ಗುಂಡನೂ ಸೋಸಿ ಹೊಡೀತೀರೇನು?”

“ಗುಂಡಲ್ಲಪಾ, ಉಸುಕು ಸೋಸ್ತೀನಿ. ಮೊದಲ ಇದನ್ನ ನೋಡು. ಯಾಕ ಎಡವತದ, ಏನಾಗ್ಯದ ಹೇಳು.”

ಅವನು ಪಿಸ್ತೂಲನ್ನು ಬಿಚ್ಚಿ ಹಲಗೆಯ ಮೇಲೆ ಹರವಿದ. ನಳಿಗೆಯನ್ನು ಬೆಳಕಿಗೆ ಹಿಡಿದ, ಸ್ಪ್ರಿಂಗನ್ನು ಒತ್ತಿ ನೋಡಿದ. “ನಳಿಗಿ ಕನ್ನಡಿ ಇದ್ದಂಗೈತಿ. ಸ್ಪ್ರಿಂಗು ಹೋದ ವರ್ಷ ನಾನ ಹಾಕಿದ್ದು. ಎಡವೂದು ಇವುಗಳಿಂದಲ್ಲ” ಎಂದು ಗೊಣಗುತ್ತ ಮ್ಯಾಗಜಿನ್ ಕೈಗೆತ್ತಿಕೊಂಡ. ಗುಂಡು ಮೇಲೇರುವ ಬಾಯಿಯ ಎರಡು ತುಟಿಗಳನ್ನು ಹೆಬ್ಬೆರಳಿನಿಂದ ಸವರಿದ. “ಪಂಡಿತ್ರ, ಈ ತುಟಿ ಮತ್ತ ಒಳಗ ಬಾಗ್ಯಾವು. ಗುಂಡು ಮ್ಯಾಲ ಏರೂದ ಹೆಂಗ?”

“ಎಲ್ಲೋ ಬಿದ್ದಿರಬೇಕು.”

“ಬಿದ್ರ ಒಂದ ಮಗ್ಗಲಾ ಬಾಗತಿತ್ತು. ಇವು ಇಕ್ಕಳದ ಹಲ್ಲಿನ ಗುರ್ತು. ಹಳೇದರ ಮ್ಯಾಲ ಹೊಸಾದು, ಹೊಸಾದರ ಮ್ಯಾಲ ಮತ್ತ ಹೊಸಾದು. ನಾ ಪ್ರತಿ ವರ್ಷ ನೆಟ್ಟಗ ಮಾಡಿ ಕೊಡ್ತಿದ್ದೆ. ಅಂವ ಒಯ್ದು ಮತ್ತ ಬಾಗಸ್ತಿದ್ದ.” ಮೋನಪ್ಪ ನನ್ನ ಮುಖವನ್ನು ನೋಡಲಿಲ್ಲ. “ಸಿಟ್ಟಾಗಬ್ಯಾಡ್ರಿ ಪಾಯಣ್ಣನ ಮ್ಯಾಲ. ಅಂವ ಒಬ್ಬನ ಅಲ್ಲ. ಈ ಊರಾಗ ಭಾಳ ಮನಿ ಹಂಗ ಅದಾವು. ಎಡವೂದು ಕೊಡು ಅಂತ ಬಾಯಿಬಿಟ್ಟು ಯಾರೂ ಕೇಳೂದಿಲ್ಲ. ಛಲೋದು ತೋರಿಸಿದ್ರ ಭಾರ ಅಂತಾರ, ಹಗುರ ಅಂತಾರ, ಹಿಡಿಕಿ ಸರಿಯಿಲ್ಲ ಅಂತಾರ. ಕಡೀಕ ಜಂಗ ಹಿಡದದ್ದರ ಮ್ಯಾಲ ಕೈ ಇಟ್ಟು, ಇದ ಇರ್ಲಿ ಮೋನಪ್ಪ, ಅಂತಾರ. ಎಡವೂದು ಇತ್ತಂದ್ರ ಮುಂದಿನ ವರ್ಷ ಇರತೈತಲ್ರಿ.”

ಅಂಗಡಿಯ ಹೊರಗೆ ಯಾರೋ ಎತ್ತಿನ ಲಾಳ ಬಡಿಯುತ್ತಿದ್ದರು. ಆ ಸದ್ದಿಗೆ ನನ್ನ ಬೆರಳುಗಳು ತಾವಾಗಿಯೇ ಗುರು ಲಘು ಎಣಿಸುತ್ತಿದ್ದವು. ಪಾಯಣ್ಣ ಅಕ್ಕನನ್ನು ಎಷ್ಟು ಹಂಬಲಿಸುತ್ತಿದ್ದನೆಂದು ನಾನು ಬಲ್ಲೆ. ಆ ಹಂಬಲವೇ ಇಕ್ಕಳ ಹಿಡಿಯಿತೆಂಬುದನ್ನು ನಂಬದಿರಲು ನನಗೆ ಕಾರಣ ಸಿಗಲಿಲ್ಲ.

“ಹೇಳ್ರಿ ಪಂಡಿತ್ರ. ನಿಮಗ ಎಂತಾದ್ದು ಕೊಡ್ಲಿ? ಎಡವೂದೋ, ಎಡವದ್ದೋ?”

“ಎಡವದ್ದು” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಮೋನಪ್ಪ ಮೂರನ್ನು ಮುಂದಿಟ್ಟ. ಮೊದಲನೆಯದು ಆರು ಗುಂಡಿನ ತಿರುಗಣಿಯದು. ಎಂದೂ ಎಡವದು, ಆದರೆ ಆರಾದ ಮೇಲೆ ಬಾಗಿಲು ತೆರೆದು ಒಂದೊಂದಾಗಿ ತುಂಬಬೇಕು; ಹದಿನೈದರ ವೃತ್ತಕ್ಕೆ ಅದು ಒಗ್ಗದು. ಎರಡನೆಯದು ಪಾಯಣ್ಣನದರಂತೆಯೇ ಉಕ್ಕಿನದು, ಹೊಸತು, ಸುಂದರವಾದದ್ದು, ಹಿಡಿಕೆಗೆ ಶಿವಣೆ ಮರದ ಹಲಗೆ. ನನ್ನ ಕೈ ಅದರ ಕಡೆಗೇ ಹೋಯಿತು. ಮೂರನೆಯದು ಕಪ್ಪಗೆ, ಹೊಳಪಿಲ್ಲದೆ, ಯಾರೋ ಅರ್ಧಕ್ಕೆ ಬಿಟ್ಟ ಪೆಟ್ಟಿಗೆಯಂತೆ ಕಂಡಿತು.

“ಇದು ಪ್ಲಾಸ್ಟಿಕ್ಕಿನದಲ್ಲೋ!”

“ಪಾಲಿಮರ್ ಅನ್ರಿ. ಮೂಗು ಮುರೀಬ್ಯಾಡ್ರಿ. ಮ್ಯಾಲಿನ ಪಟ್ಟಿ, ನಳಿಗಿ ಉಕ್ಕಿನವ. ಕೆಳಗಿನ ಮೈ ಅಷ್ಟ ಪಾಲಿಮರ್. ಮಾಘದ ಥಂಡಿಗೆ ಉಕ್ಕಿನ ಮೈ ಬೆವರತೈತಿ, ಕೈಗೆ ಬರಫ್ ಹಿಡದಂಗ ಆಗತೈತಿ, ಬೆರಳು ಸೆಟೀತಾವು. ಇದಕ್ಕ ಮಬ್ಬೂ ಒಂದ, ಬಿಸಲೂ ಒಂದ. ಒಂದು ಗುಂಡು ಹಾರಿತಂದ್ರ ಮುಂದಿಂದು ತಾನ ಏರಿ ಕುಂದರತೈತಿ. ಹದಿನೈದು ಹಿಡೀತೈತಿ. ನಿಮ್ಮ ಲಯ ಎಷ್ಟು?”

“ಹದಿನೈದು.”

“ಮತ್ತ! ನಿಮ್ಮ ಸಲುವಾಗಿನ ಹುಟ್ಟೇತಿ ಅನ್ರಿ.”

ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ಕಿನ ತಂಬಿಗೆಯೂ ಇಲ್ಲ. ಪೂರ್ವಿಕರ ವಿದ್ಯೆಯಿಂದ ಹೆಣೆದ ಒಂದು ಕರೆಯನ್ನು ಇಂಥ ಅನಾಥ ವಸ್ತುವಿನ ಬಾಯಿಂದ ಹೇಳಿಸುವುದೇ ಎಂದು ಸಂಕೋಚವಾಯಿತು. ಆದರೂ ಕೈಗೆತ್ತಿಕೊಂಡೆ. ಅದು ಹಗುರವಾಗಿತ್ತು, ಬೆಚ್ಚಗೂ ಅಲ್ಲದೆ ತಣ್ಣಗೂ ಅಲ್ಲದೆ ಇತ್ತು. ಅಂಗಡಿಯ ಹಿಂದಿನ ಮರಳುಗುಡ್ಡೆಗೆ ಮೋನಪ್ಪನೇ ಅದರೊಂದಿಗೆ ಬಂದ ಮೂರು ಮ್ಯಾಗಜಿನ್ ತುಂಬ ಹಾರಿಸಿ ತೋರಿಸಿದ. “ಎಡವೂ ಚಟ ಅರ್ಧಾ ಮ್ಯಾಗಜಿನ್ನಿನ ದೋಷ ಇರತೈತ್ರಿ. ಅದಕ್ಕ ಪಿಸ್ತೂಲು ಒಂದ ನೋಡಬಾರದು, ಮೂರೂ ಮ್ಯಾಗಜಿನ್ ಹೊಡದು ನೋಡಬೇಕು. ಟ್ರಿಗರ್ ಎಳೀರಿ. ಮೊದಲ್ನೇದೂ ಹದಿನೈದನೇದೂ ಒಂದ ತೂಕ. ಎರಡು ಸಾವಿರ ಹೊಡದೀನಿ ಇದರಾಗ, ಒಂದು ಸಲನೂ ನಿಂತಿಲ್ಲ.”

ಹೊರಡುವಾಗ ಅವನು ನನ್ನ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡ. “ಒಂದು ಮಾತು. ಹಗುರಾದ್ದು ನೋಡ್ರಿ, ಇದು ಗಟ್ಟಿ ಆಸರ ಬೇಡತೈತಿ. ಮಣಿಕಟ್ಟು ಸಡಿಲ ಬಿಟ್ರ ಇದೂ ಎಡವತೈತಿ. ಆವಾಗ ತಪ್ಪು ಇದರದಲ್ಲ. ನೋಡಿದಾವ್ರಿಗೆ ಗೊತ್ತೂ ಆಗೂದಿಲ್ಲ.”

ಮನೆಯಲ್ಲಿ ಹೂವಕ್ಕ ಅದನ್ನು ತಿರುಗಿಸಿ ನೋಡಿ ನಕ್ಕಳು. “ಏನ ಪಂಡಿತಾ, ಆಟಿಗಿ ಸಾಮಾನು ತಂದೀ ಏನು?” ಗುಂಡಿಲ್ಲದ ಪಿಸ್ತೂಲಿನ ಮೇಲಿನ ಪಟ್ಟಿಯನ್ನು ಹಿಂದಕ್ಕೆ ಎಳೆಯಲು ಹೊರಟ ನನಗೆ ಅದು ಜಗ್ಗಲಿಲ್ಲ. ಎರಡು ಸಲ ಬೆರಳು ಜಾರಿತು. “ಗರಿ ತಿರುವಿ ತಿರುವಿ ಕೈ ಗರಿಯಾಂಗ ಆಗ್ಯಾವು. ತಾ ಇಲ್ಲಿ” ಎಂದು ಕಸಿದುಕೊಂಡು, ಪಟ್ಟಿಯನ್ನು ಎಡಗೈಯಲ್ಲಿ ಬಿಗಿಹಿಡಿದು ಬಲಗೈಯಿಂದ ಹಿಡಿಕೆಯನ್ನು ಮುಂದಕ್ಕೆ ನೂಕಿದಳು. ಖಟ್ಟನೆ ಸರಿಯಿತು. “ಜಗ್ಗಬ್ಯಾಡ, ನೂಕು. ಹಿಟ್ಟು ನಾದಿದಂಗ.” ಆ ದಿನದಿಂದ ದಿನಕ್ಕೆ ಮೂವತ್ತು ಸಲ ನೂಕುವುದನ್ನು ಕಲಿತೆ.

ಇಕ್ಕಳದ ಗುರುತಿನ ವಿಷಯವನ್ನು ಅವಳಿಗೆ ಹೇಳಿದೆ. ಅವಳ ನಗು ಇಳಿಯಿತು. “ಪಾಯಣ್ಣ ನಿನ್ನ ಭಾಳ ಹಚ್ಚಿಕೊಂಡಿದ್ದ” ಎಂದಳು.

“ಪ್ರೀತಿಗೆ ಮಾಡಿದನೋ ಅಂಜಿಕೆಗೆ ಮಾಡಿದನೋ.”

“ಎರಡಕ್ಕೂ ಇಕ್ಕಳ ಒಂದ ಇರತೈತಿ ಪಂಡಿತಾ. ನೀ ಪೂರಾ ಹೊಡದಿ ಅಂತ ಇಟ್ಕೊ. ಆಕಿ ಬರಲಿಲ್ಲ. ಆವಾಗ?”

“ಆವಾಗ ಗೊತ್ತಾಗತದ.”

“ಏನು?”

“ದಾರಿ ತಪ್ಪಿದ್ಲೋ, ಹೊರಟ ಹೋದ್ಲೋ ಅಂತ.”

ಅವಳು ಎದ್ದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅಂದಿನ ರೊಟ್ಟಿ ಆಗಲೇ ಮುಗಿದು ಬುಟ್ಟಿಯಲ್ಲಿದ್ದವು.

ಮಾಘದ ಆ ದಿನಕ್ಕೆ ಮೂರು ದಿನ ಮೊದಲೇ ನಮ್ಮ ಗುಣಿಯ ಮರಳನ್ನೆಲ್ಲ ಹೊರಗೆ ತೆಗೆದು, ಬಟ್ಟೆಯ ಜರಡಿಯಲ್ಲಿ ಸೋಸಿ, ಬಿಸಿಲಿಗೆ ಹರವಿ, ಮತ್ತೆ ತುಂಬಿ, ಬಾಯಿಗೆ ಮಲಮಲ್ ಬಟ್ಟೆ ಕಟ್ಟಿದೆ. ಸಿಕ್ಕಿದ ಇರುವೆಗಳನ್ನೂ ಒಂದು ಸಗಣಿಹುಳುವನ್ನೂ ಎಲೆಯ ಮೇಲೆ ಹತ್ತಿಸಿಕೊಂಡು ಒಡ್ಡಿನ ಮಗ್ಗುಲಿಗೆ ಬಿಟ್ಟೆ. ಪಕ್ಕದ ಗುಣಿಗಳವರು ನಿಂತು ನೋಡಿದರು, ನಗಲಿಲ್ಲ. ಆ ಮೂರು ದಿನ ನಮ್ಮ ಊರಿನಲ್ಲಿ ಯಾರೂ ಯಾರನ್ನೂ ನೋಡಿ ನಗುವುದಿಲ್ಲ.

ಬೆಳಗಾಯಿತು. ಮಬ್ಬು ಹಾಲಿನಂತಿದ್ದದ್ದು ತಿಳಿಯಾದ ಗಂಜಿಯಂತಾಯಿತು. ಒಡ್ಡಿನ ತೆಂಕಣ ತುದಿಯಿಂದ ಕರೆಗಳು ಮೊದಲಾದವು. ಒಂದು ಮನೆಯದು ಐದಕ್ಕೆ ನಿಂತಿತು, ಮತ್ತೊಂದರದು ಒಂಬತ್ತಕ್ಕೆ. ಪ್ರತಿ ಸಲ ನಿಂತಾಗಲೂ ಒಂದು ಸಣ್ಣ ಅಳು, ಅದರ ಹಿಂದೆಯೇ ಬಿಟ್ಟ ಉಸಿರು ಕೇಳಿಸುತ್ತಿತ್ತು.

ನನ್ನ ಸರದಿ ಬಂತು. ಪಂಚನಮಸ್ಕಾರ ಹೇಳಿಕೊಂಡು ಗುಣಿಯ ಬಾಯಿಯ ಬಟ್ಟೆಯನ್ನು ತೆಗೆದೆ. ಎರಡೂ ಕೈಗಳಲ್ಲಿ ಹಿಡಿದು ಟ್ರಿಗರ್ ಎಳೆದೆ. ಆರು ಲಘುಗಳು ನನ್ನ ನಾಲಗೆಯಿಂದಲೂ ಎಂದೂ ಅಷ್ಟು ಸಮವಾಗಿ ಹೊರಟಿರಲಿಲ್ಲ. ಏಳನೆಯದು ಗುರು, ಎಂಟನೆಯದು ಗುರು. ಯತಿ.

ಹನ್ನೊಂದು ವರ್ಷಗಳಲ್ಲಿ ಯಾರೂ ದಾಟಿರದ ಸ್ಥಳ. ಅಲ್ಲಿಗೆ ಬಂದಾಗ ನನ್ನ ಮಣಿಕಟ್ಟು ನನಗೆ ನೆನಪಾಯಿತು. ಇನ್ನು ಏಳು ಹಾರಿಸಿದರೆ ಒಂದು ಉತ್ತರ ಇರುತ್ತದೆ. ಮಣಿಕಟ್ಟನ್ನು ಒಂದು ಕೂದಲೆಳೆಯಷ್ಟು ಸಡಿಲಿಸಿದರೆ ಉತ್ತರ ಇರುವುದಿಲ್ಲ. ಚಂದನೆ ದಾರಿ ತಪ್ಪಿದವಳಾಗಿಯೇ ಉಳಿಯುತ್ತಾಳೆ, ಮುಂದಿನ ಮಾಘದವರೆಗೆ, ಅದರ ಮುಂದಿನ ಮಾಘದವರೆಗೆ, ನಾನು ಸಾಯುವವರೆಗೆ. ಯಾರೂ ಅರಿಯರು. ಯತಿಯ ಕಾಲ ಒಂದು ಉಸಿರು. ಆ ಉಸಿರಿನಲ್ಲಿ ನಾನು ಪಾಯಣ್ಣನನ್ನು ಕ್ಷಮಿಸಿದೆ. ಆದರೆ ಬಾಗಿಲಿನಲ್ಲಿ ನಿಂತವಳನ್ನು ಮತ್ತೊಮ್ಮೆ “ತಾಳು” ಎನ್ನಲು ನನ್ನಿಂದಾಗಲಿಲ್ಲ. ಮಣಿಕಟ್ಟನ್ನು ಬಿಗಿದೆ.

ಒಂಬತ್ತು, ಹತ್ತು, ಹನ್ನೊಂದು. ಪಿಸ್ತೂಲು ತನ್ನ ಮಾತು ಉಳಿಸಿಕೊಂಡಿತು. ಹದಿನೈದನೆಯ ಗುರು ಮಬ್ಬಿನೊಳಗೆ ದೀರ್ಘವಾಗಿ ಇಳಿದುಹೋಯಿತು. ಮೇಲಿನ ಪಟ್ಟಿ ಹಿಂದಕ್ಕೆ ಸರಿದು, ಒಳಗೆ ಇನ್ನೇನೂ ಇಲ್ಲವೆಂದು ತೆರೆದುಕೊಂಡೇ ನಿಂತಿತು.

ಕಾದೆ. ಬಿಸಿಲು ಏರಿ ನೆರಳು ಕಾಲ ಬಳಿಗೆ ಬಂತು. ಮಬ್ಬಿನ ಅಂಚಿನಲ್ಲಿ ಎರಡು ಸಲ ಏನೋ ಅಲುಗಿದಂತಾಗಿ ಎದ್ದು ನಿಂತೆ. ಮೂರನೆಯ ಸಲ ಏನೂ ಅಲುಗದೆಯೇ ಎದ್ದು ನಿಂತೆ. ಮಧ್ಯಾಹ್ನದ ಹೊತ್ತಿಗೆ ಗಂಜಿ ಮತ್ತೆ ಹಾಲಾಯಿತು. ಒಡ್ಡಿನ ಗುಮಾಸ್ತ ಹೆಸರುಗಳ ಪಟ್ಟಿ ಹಿಡಿದುಕೊಂಡು ಬಂದು ಮೆಲ್ಲಗೆ ಕೇಳಿದ: “ಧರಣೇಂದ್ರ ಉಪಾಧ್ಯೆ ಅವರ, ಪೂರ್ಣ ಅಂತ ಬರೀಲೇನ್ರಿ? ಸ್ವಲ್ಪ ಸಂಶೆ ಇತ್ತು ಅಂದ್ರ... ನಡುವ ಒಂದು ತಪ್ಪೇತಿ ಅಂತ ಬರದು ಬಿಡ್ತೀನಿ. ಯಾರು ಎಣಿಸಿರ್ತಾರ?”

“ನಾನು ಎಣಿಸೀನಿ” ಎಂದೆ. “ಪೂರ್ಣ ಅಂತ ಬರಿ.”

ಅವನು ಚಂದನೆಯ ಹೆಸರಿನ ಮೇಲೆ ಗೆರೆ ಎಳೆದ. ಅಡಿಪಟ್ಟಿಯಿಟ್ಟು ಎಳೆದ, ಬರಿಗೈಯಲ್ಲಿ ಎಳೆದ ಗೆರೆಯಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

ಹಿಂದಿರುಗುವ ದಾರಿಯಲ್ಲಿ ಹೂವಕ್ಕ ನನ್ನ ಜೊತೆಗಿದ್ದಳು. ಬಾವಿಯ ಬಳಿ ಬಂದಾಗ ಕಟ್ಟೆಯ ಮೇಲೆ ಕುಳಿತುಬಿಟ್ಟಳು. “ಪಂಡಿತಾ, ಎಂಟು ವರ್ಷ ನಿಮ್ಮ ಮನಿ ಅನ್ನ ಉಂಡೀನಿ. ಒಂದು ಮಾತು ಹೇಳಿಲ್ಲ. ನಾ ತಪ್ಪಿ ಬಂದಾಕಿ ಅಲ್ಲ.”

ನಾನು ನಿಂತೆ.

“ನಮ್ಮ ಮನಿಯಾವ್ರೂ ಕರದಿದ್ರು. ಪೂರಾ ಕರೆ. ಒಂದೂ ತಪ್ಪಿರಲಿಲ್ಲ. ಕಿವಿ ತುಂಬ ಕೇಳಿಸ್ತು. ನಾ ಬರಲಿಲ್ಲ.”

“ಯಾಕ?”

“ಆವಾಗ ಬರಬೇಕು ಅನಸಲಿಲ್ಲ.” ಸಂಚಿಯಿಂದ ಎಲೆ ತೆಗೆದು, ಹಾಕಿಕೊಳ್ಳದೆ ತೊಡೆಗೆ ಒರೆಸುತ್ತ ಕುಳಿತಳು. “ಒಳಗ ನೀರು ತಾ ಅನ್ನಾವ್ರಿಲ್ಲ, ನೀಡು ಅನ್ನಾವ್ರಿಲ್ಲ. ಹುಟ್ಟಿದಾಗಿಂದ ಮೊದಲ್ನೇ ಸಲ ಸುಮ್ಮ ಕುಂತಿದ್ದೆ. ಆಮ್ಯಾಲ ಎಷ್ಟೋ ವರ್ಷಕ್ಕ ಒಂದಿನ ಅನಸ್ತು, ಹೋಗಬೇಕು ಅಂತ. ಅನಸಿದಾಗ ಕರಿಯಾವ್ರು ಇರಲಿಲ್ಲ. ಪೂರಾ ಕರೆ ಐತಲ್ಲ, ಅದು ಯಾರ ಹೆಸರಿಗೆ ಐತೋ ಅವರಿಗಷ್ಟ ಬಾಗಿಲಾ. ಬ್ಯಾರೇದವ್ರಿಗೆ ಗ್ವಾಡಿ. ಮುರದ ಕರೆ ಹಂಗಲ್ಲ. ಅದು ಯಾರ ಬಾಗಿಲಾನೂ ಅಲ್ಲ. ಅದಕ್ಕ ಯಾರು ಬೇಕಾದ್ರೂ ದಾಟಬಹುದು. ಪಾಯಣ್ಣಂದು ಆರಕ್ಕ ಮುರೀತು. ನಾ ದಾಟಿದೆ.”

“ಅಂದ್ರ ಚಂದನಾ...”

“ಇವತ್ತು ಬರಬೇಕು ಅನಸಿಲ್ಲ ಆಕಿಗೆ. ಕೇಳಿಸೇತಿ. ಅದು ಖರೆ, ಅದನ್ನ ನಾ ನಿನಗ ಮುಚ್ಚೂದಿಲ್ಲ. ಮುಂದ ಯಾವಾಗರ ಅನಸೀತು. ಅನಸದನೂ ಇದ್ದೀತು.” ಅವಳು ಎದ್ದಳು. “ಆದ್ರ ಬಂದ್ರ ನಿನ್ನ ಗುಣಿಗೆ ಬರಾಂಗಿಲ್ಲ. ಯಾರದೋ ಮುರದದ್ದರಾಗ ಬರಬೇಕು.”

ಚಂದನೆ ದಾರಿ ತಪ್ಪಿರಲಿಲ್ಲ. ನಾನು ಕೇಳಿದ ಉತ್ತರ ಅದು. ಎಡವದ ಪಿಸ್ತೂಲು ಅದನ್ನು ತಂದುಕೊಟ್ಟಿತ್ತು. ಅದರ ಹಿಂದೆಯೇ ನಾನು ಕೇಳದಿದ್ದ ಇನ್ನೊಂದು ಬಂದಿತು: ಅವಳಿಗೆ ಇನ್ನು ಉಳಿದದ್ದು ಪರರ ಮುರಿದ ಕರೆಯೊಂದೇ. ಮರುದಿನ ಪಿಸ್ತೂಲನ್ನು ಮೋನಪ್ಪನಿಗೆ ಹಿಂದಿರುಗಿಸಿದೆ. ವ್ರತ ಮತ್ತೆ ಇಡಿಯಾಯಿತು. ಮನಸ್ಸು ಮಾತ್ರ ಒಡ್ಡಿನ ಮೇಲೆಯೇ ಉಳಿಯಿತು. ಲಯ ಕಲಿಸಿದವನು ನಾನಾದ್ದರಿಂದ ಯಾವ ಮನೆಯದು ಎಲ್ಲಿ ಮುರಿಯುತ್ತದೆಂದು ನನಗೆ ಗೊತ್ತಿತ್ತು. ಸಂಜೆ ಒಡ್ಡಿನ ಮೇಲೆ ನಡೆಯುತ್ತ ಗುಣಿಗಳನ್ನು ನೋಡಿಕೊಂಡು ಬರುತ್ತಿದ್ದೆ. ಗಾಣಿಗರದು ಐದಕ್ಕೆ, ಅಗಸರದು ಹತ್ತಕ್ಕೆ, ಶಾಲೆಯ ಹಿಂದಿನ ಎರಡು ಮನೆಯವು ನಾಲ್ಕಕ್ಕೆ. ಎಡವುವ ಪಿಸ್ತೂಲಿನ ಮನೆಗಳು ನಲವತ್ತೊಂದು. ಅವುಗಳ ಮುಂದೆ ಹಾದುಹೋಗುವಾಗ ಆ ಮನೆಯವರಿಗೆ ಆಯುಷ್ಯ, ಆ ಕಬ್ಬಿಣಕ್ಕೆ ತುಕ್ಕು ಹಾರೈಸುತ್ತಿದ್ದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಚೈತ್ರದಲ್ಲಿ ಒಂದು ಬೆಳಗ್ಗೆ ನೇಕಾರರ ಓಣಿಯ ನಿಂಬೆವ್ವ ಬಂದಳು. ಇಪ್ಪತ್ತೈದರ ಹುಡುಗಿ. ಅವಳ ಗಂಡ ಈರಭದ್ರ ಮಬ್ಬಿಗೆ ಹೋಗಿ ಹದಿನೆಂಟು ದಿನವಾಗಿತ್ತು. ಅವಳ ಮಾವ ತನ್ನ ಅಣ್ಣನ ಹೆಸರಿಗೆ ಮೂವತ್ತು ವರ್ಷ ಹಾರಿಸುತ್ತ ಬಂದ, ಕಳೆದ ಮಾಘದಲ್ಲೂ ಆರಕ್ಕೆ ನಿಂತ ಪಿಸ್ತೂಲನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ತಂದಿದ್ದಳು. ತನ್ನ ಮನೆಯ ಲಯವನ್ನು ಅಂಗೈಯ ಮೇಲೆ ತಟ್ಟಿಸಿಕೊಂಡು ಕಲಿತಳು. ಎರಡೇ ಸಲಕ್ಕೆ ಬಂತು. ಮಗ್ಗದ ಕೈ.

“ಅಜ್ಜಾರ, ಇನ್ನೊಂದು ಕೇಳ್ತೀನಿ. ನಮ್ಮ ಮಾವ ಇದ ಸಾಕು ಅಂತಾರ. ಮೋನಪ್ಪ ಹೊಸಾದು ತಗೋ ಅಂತಾನ, ಪಾಲಿಮರ್‌ದು. ಎರಡರಾಗ ಯಾವ್ದು ಛಲೋ? ನೀವು ಹೊಡದೀರಂತ, ಒಂದೂ ತಪ್ಪಲಿಲ್ಲಂತ.”

“ತಪ್ಪಲಿಲ್ಲವ್ವಾ.”

“ಹಂಗಾರ ಅಮ್ಮಾರು ಬಂದ್ರೇನ್ರಿ?”

ಒಳಗೆ ಕೇರುತ್ತಿದ್ದ ಹೂವಕ್ಕನ ಮೊರದ ಸದ್ದು ನಿಂತಿತು.

“ಇಲ್ಲ” ಎಂದೆ. “ಅದನ್ನ ತಿಳಕೊಂಡ ತಗೋಬೇಕು ನೀನು. ಎಡವೂದು ಇಟ್ಟುಕೊಂಡ್ರ ವರ್ಷಾ ವರ್ಷಾ ಕರೀಬಹುದು. ಎಡವದ್ದು ಒಂದ ಸಲಕ್ಕ ಉತ್ತರಾ ಕೊಡತದ. ಉತ್ತರಾ ನಮಗ ಬೇಕಾದಂಗ ಇರೂದಿಲ್ಲ.”

ಅವಳು ತೊಡೆಯ ಮೇಲಿನ ಗಂಟನ್ನು ನೋಡುತ್ತ ಕುಳಿತಳು. ಆ ಗಂಟನ್ನು ನಾನೂ ನೋಡುತ್ತಿದ್ದೆ. ನಮ್ಮದರ ಬಲಗಡೆಯ ನೇಕಾರರ ಗುಣಿ, ಆರಕ್ಕೆ ಮುರಿಯುವುದು, ಅಗಲವಾದ, ಬಾವಿಗೆ ಸಮೀಪವಾದ ಬಾಗಿಲು. ಇಟ್ಟುಕೋ ತಾಯಿ, ಇದೇ ಒಳ್ಳೆಯದು, ಹಿರಿಯರದು ಎಂಬ ಮಾತು ನನ್ನ ತುಟಿಯವರೆಗೆ ಬಂದಿತ್ತು.

“ನಮ್ಮನಿಯಾವ್ರಿಗೆ ಒಂದು ಕಿವಿ ಮಂದ ಐತ್ರಿ ಅಜ್ಜಾರ” ಎಂದಳು ನಿಂಬೆವ್ವ. “ಅರ್ಧಾ ಕರದ್ರ ಆ ಅಂತ ಅಲ್ಲೇ ನಿಂದರ್ತಾರ. ಪೂರಾ ಕರದ್ರ ಬರ್ತಾರ. ಬೈಕೋತ ಬರ್ತಾರ, ಆದ್ರ ಬರ್ತಾರ.” ಕಣ್ಣೊರೆಸಿಕೊಂಡು ನಕ್ಕಳು. “ನೀವ ಹೇಳ್ರಿ. ನೀವು ಹೇಳಿದ್ದ ತಗೋತೀನಿ.”

ಇಂಥ ಉಪದೇಶ ಮಾಡಬಾರದೆಂದು ಓದಿದ್ದೇನೆ. ಸುಳ್ಳು ಹೇಳಬಾರದೆಂದೂ ಓದಿದ್ದೇನೆ. ಎರಡರ ನಡುವೆ ಅವಳು ಕುಳಿತಿದ್ದಳು, ಹದಿನೆಂಟು ದಿನದ ದುಃಖವನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು.

“ಪಾಲಿಮರ್ ಮೈದು ತಗೋ” ಎಂದೆ. “ಮೂರೂ ಮ್ಯಾಗಜಿನ್ ಹೊಡದು ನೋಡಿ ತಗೋ. ಮಣಿಕಟ್ಟು ಗಟ್ಟಿ ಹಿಡಿ.”

“ಇದನ್ನ ಏನ್ ಮಾಡ್ಲಿ?”

“ಮೋನಪ್ಪನ ಹತ್ರ ಹಾಕಿ ಬಿಡು. ಬಿಚ್ಚಿ ಕಬ್ಬಿಣಕ್ಕ ತಗೋತಾನ.”

ಅವಳು ನನ್ನ ಕಾಲು ಮುಟ್ಟಿ ನಮಸ್ಕರಿಸಿ ಗಂಟನ್ನು ಬಗಲಿಗೆ ಹಾಕಿಕೊಂಡು ಪೇಟೆಯ ಕಡೆಗೆ ಹೋದಳು. ಓಣಿಯ ತಿರುವಿನವರೆಗೂ ನೋಡುತ್ತ ನಿಂತೆ. ಒಳಗಿನಿಂದ ಬಹಳ ಹೊತ್ತಿನ ಮೇಲೆ ಮೊರದ ಸದ್ದು ಮತ್ತೆ ಕೇಳಿಸಿತು.

ಉಳಿದವು ನಲವತ್ತು.